ನಾಲಿಗೆ ಮೇಸ್ತ್ರಿ ತೊಳೆದ ಲಾರಿ

ಲಾರಿಯ ಅಡಿಯಲ್ಲಿ ಸೋರಿ ನಿಂತ ನೀರಿಗೆ ಬೆರಳದ್ದಿ ಅವನು ನಾಲಿಗೆಗೆ ಇಟ್ಟುಕೊಳ್ಳುವುದನ್ನು ಮೊದಲ ಸಲ ಕಂಡವರು ಹೌಹಾರುತ್ತಿದ್ದರು. ‘ಅಯ್ಯೋ, ವಿಷ ಅದು!’ ಎಂದು ಕೈ ಹಿಡಿದು ಎಳೆದವರೂ ಇದ್ದರು. ಅವನು ಮಾತ್ರ ಕಣ್ಣು ಮುಚ್ಚಿ, ತುಟಿ ಚಪ್ಪರಿಸಿ, ಪಕ್ಕಕ್ಕೆ ಥೂ ಎಂದು ಉಗಿದು ತೀರ್ಪು ಕೊಡುತ್ತಿದ್ದ. ಸಿಹಿಯಾಗಿದ್ದರೆ ಇಂಜಿನ್ ತಣಿಸುವ ಕೂಲಂಟ್, ಎಲ್ಲೋ ಪೈಪು ಬಿಟ್ಟಿದೆ. ಕಹಿಯಾಗಿ ಜಿಡ್ಡುಜಿಡ್ಡಾಗಿದ್ದರೆ ಎಣ್ಣೆ ಸೇರಿದೆ, ಇಂಜಿನ್ ಬಿಚ್ಚಲೇಬೇಕು. ಸಪ್ಪೆಯಾಗಿದ್ದರೆ ಬರೀ ಬಾವಿ ನೀರು, ಡ್ರೈವರ್ ಸುಳ್ಳುಗಾರ. ಈ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಆ ರಸ್ತೆಯುದ್ದಕ್ಕೂ ಅವನಿಗೆ ನಾಲಿಗೆ ಮೇಸ್ತ್ರಿ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರಿನಿಂದ ಯಾರಾದರೂ ಕರೆದರೆ ಅವನೇ ಹಿಂದೆ ತಿರುಗಿ ಯಾರನ್ನು ಕರೆದರು ಎಂದು ನೋಡಬೇಕಾಗುತ್ತಿತ್ತು.

ಈ ವಿದ್ಯೆ ಕಲಿಸಿದ್ದು ಅವನ ದೊಡ್ಡಪ್ಪ. ‘ಕಣ್ಣು ಮೋಸ ಮಾಡುತ್ತೆ, ಕಿವಿ ಮೋಸ ಮಾಡುತ್ತೆ, ನಾಲಿಗೆ ಮಾಡಲ್ಲ ಕಣೋ’ ಎಂದು ಹೇಳಿಕೊಟ್ಟು, ತಗಡಿನ ಶೆಡ್ಡನ್ನೂ ಒಂದು ಡಬ್ಬಿ ಸ್ಪ್ಯಾನರನ್ನೂ ಬಿಟ್ಟು ಹೋದ. ಇಂಜಿನ್ನಿನ ಬಿಸಿ ಇಳಿಸುವ ಭಾಗ ಬಿಟ್ಟರೆ ಮೇಸ್ತ್ರಿ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ರೇಡಿಯೇಟರ್, ರಬ್ಬರ್ ಪೈಪುಗಳು, ನೀರಿನ ಪಂಪು, ಅಷ್ಟೇ ಅವನ ಸಾಮ್ರಾಜ್ಯ. ಶೆಡ್ಡಿನ ಹಿಂಗೋಡೆಗೆ ಒಂದು ಬಾಗಿಲು, ಬಾಗಿಲಾಚೆ ಎರಡು ಕೋಣೆಯ ಮನೆ. ಆ ಬಾಗಿಲು ದಾಟಿ ಒಳಗೆ ಹೋಗುವಾಗ ಅವನು ಕೈ ತೊಳೆಯುತ್ತಿದ್ದ, ಚಪ್ಪಲಿ ಬಿಡುತ್ತಿದ್ದ, ಆದರೆ ನಾಲಿಗೆಯನ್ನು ಮಾತ್ರ ಬಿಟ್ಟು ಹೋಗುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲೇ.

ಮದುವೆಯಾಗಿ ಬಂದ ಹೆಂಡತಿ ಮೊದಲ ಸಲ ಬಡಿಸಿದಾಗ ಅವನು ಆಡಿದ ಮೊದಲ ಮಾತು ‘ಉಪ್ಪು ಕಡಿಮೆ’. ಅಂದಿನಿಂದ ಅವಳು ಅವನ ಜೊತೆ ಕೂತು ಉಂಡವಳೇ ಅಲ್ಲ. ಬಡಿಸಿ, ಸೌಟು ಹಿಡಿದು, ಗೋಡೆಗೆ ಒರಗಿ ನಿಂತು, ಅವನು ಮೊದಲ ತುತ್ತು ನುಂಗುವವರೆಗೆ ಅವನ ಮುಖವನ್ನೇ ನೋಡುವುದು ಅವಳ ಅಭ್ಯಾಸವಾಯಿತು. ಉಪ್ಪು ಕಡಿಮೆ, ಹುಳಿ ಮುಂದು, ಒಗ್ಗರಣೆ ಸೀದಿದೆ, ನಿನ್ನೆಯ ಎಣ್ಣೆ. ಒಮ್ಮೆ ತಟ್ಟೆಯನ್ನು ಅಂಗಳಕ್ಕೆ ಎಸೆದದ್ದೂ ಆಗಿತ್ತು. ‘ನಿಮ್ಮ ನಾಲಿಗೆ ಕತ್ತರಿಸಿ ಲಾರಿಗೇ ಬೋಲ್ಟ್ ಹಾಕಿಬಿಡಬೇಕು’ ಎಂದು ಅವಳು ಬೈದುಕೊಂಡೇ ತಟ್ಟೆ ಹೆಕ್ಕಿ ತಂದಿದ್ದಳು.

ಅಂಥ ಮನುಷ್ಯ ಈಚೆಗೆ ಬದಲಾಗಿದ್ದ. ಚಳಿಗಾಲದಲ್ಲಿ ಒಂದು ಕೆಟ್ಟ ಜ್ವರ ಬಂದು ಮಲಗಿ ಎದ್ದಾಗ, ಡಾಕ್ಟರು ರಕ್ತದೊತ್ತಡ ನೋಡಿ ಹುಬ್ಬೇರಿಸಿ, ಉಪ್ಪು ಸಕ್ಕರೆ ಎರಡನ್ನೂ ಇಳಿಸಿ ಎಂದಿದ್ದರು. ವಾಪಸ್ಸು ಬರುವ ದಾರಿಯಲ್ಲಿ ಹೆಂಡತಿ ಚೀಲವನ್ನು ಎದೆಗವುಚಿಕೊಂಡು ‘ನೀವು ಹೋದ್ರೆ ನಾನು ಯಾರಿಗೆ ಬೇಯಿಸಲಿ?’ ಎಂದಳು. ಅಷ್ಟು ವರ್ಷ ಬೈಸಿಕೊಂಡವಳು ಕೇಳಿದ್ದು ಅದನ್ನು. ಮೇಸ್ತ್ರಿ ಚೀಲವನ್ನು ಅವಳ ಕೈಯಿಂದ ತಾನೇ ತೆಗೆದುಕೊಂಡ. ಮರುದಿನದಿಂದ ಅಡುಗೆ ಸಪ್ಪೆಯಾಯಿತು, ಕಾಫಿ ಬಿಸಿನೀರಿನಂತಾಯಿತು. ‘ಕಡಿಮೆ ಮಾಡಿದ್ದೀನಿ, ಹೊಂದಿಕೊಳ್ಳಿ’ ಎಂದಳು ಅವಳು. ಅವನು ಹೊಂದಿಕೊಂಡ. ಮೆಣಸಿನಕಾಯಿಯ ಉರಿಯೊಂದು ಬಿಟ್ಟರೆ ಬಾಯಿಗೆ ಏನೂ ಹತ್ತುತ್ತಿರಲಿಲ್ಲ. ಆದರೂ ತಟ್ಟೆ ಖಾಲಿ ಮಾಡಿ ‘ಚೆನ್ನಾಗಿದೆ’ ಎನ್ನುತ್ತಿದ್ದ. ಒಂದು ದಿನವಂತೂ ‘ನಮ್ಮಮ್ಮನ ಕೈ ಊಟದ ಹಾಗಿದೆ’ ಎಂದುಬಿಟ್ಟ. ಅವಳು ಸೌಟು ಹಿಡಿದುಕೊಂಡೇ ಒಳಗೆ ಹೋಗಿ, ಮದುವೆಯಾಗಿ ಹೋದ ಮಗಳಿಗೆ ಫೋನು ಮಾಡಿ ‘ನಿಮ್ಮಪ್ಪ ಹೀಗಂದ್ರು ಕಣೇ’ ಎಂದು ಹೇಳಿದ್ದು ಅವನಿಗೆ ಶೆಡ್ಡಿನವರೆಗೂ ಕೇಳಿಸಿತ್ತು.

ಹೀಗಿರುವಾಗ ಭಾವಮೈದ ತನ್ನ ಲಾರಿ ತಂದು ಶೆಡ್ಡಿಗೆ ಹಾಕಿದ. ಹೆಂಡತಿಯ ತಮ್ಮ ಅವನು, ಇಟ್ಟಿಗೆ ಸಾಗಿಸುವವನು. ಲಾರಿ ಅವನಿಗಿಂತ ಹಳೆಯದು. ಅದನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಅಜ್ಜಿಗೆ ಏರು ಹತ್ತುವಾಗ ಮೈ ಕಾಯುತ್ತಿತ್ತು.

‘ಭಾವ, ಅರ್ಧ ಏರಿಗೇ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗಿಬಿಡುತ್ತೆ. ಇಳಿದು ನಿಂತ್ಕೊಂಡು ಬೀಸಣಿಗೆ ಹಾಕೋದೊಂದು ಬಾಕಿ’ ಎಂದ.

ಮೇಸ್ತ್ರಿ ಇಂಜಿನ್ ಚಾಲೂ ಇಡಿಸಿ ಕೆಳಗಿನ ಪೈಪಿನ ಮೇಲೆ ಕಣ್ಣಿಟ್ಟ. ‘ಒತ್ತು’ ಎಂದ. ಭಾವಮೈದ ಆಕ್ಸಿಲರೇಟರ್ ಒತ್ತಿದೊಡನೆ ಪೈಪು ಹಸಿದವನ ಕೆನ್ನೆಯಂತೆ ಒಳಕ್ಕೆ ಎಳೆದುಕೊಂಡಿತು. ‘ನೋಡು, ಒಳಗಿನ ಸ್ಪ್ರಿಂಗು ತುಕ್ಕು ಹಿಡಿದು ಮುರಿದಿದೆ. ನೀರು ಹೋಗೋ ದಾರಿಯೇ ಮುಚ್ಚಿಕೊಳ್ತಿದೆ. ಮೇಲಿನದ್ದು ಕ್ಲಿಪ್ಪಿನ ಹತ್ತಿರ ಊದಿಕೊಂಡಿದೆ. ಎಲ್ಲಾ ಪೈಪೂ ಬದಲಾಯಿಸಿ, ಒಳಗೆಲ್ಲಾ ತೊಳೆದುಬಿಡೋಣ.’

ಇಂಜಿನ್ ತಣ್ಣಗಾದ ಮೇಲೆ ಕೆಲಸ ಶುರುವಾಯಿತು. ರೇಡಿಯೇಟರಿನ ತಳದ ನಲ್ಲಿ ಬಿಚ್ಚಿದಾಗ ಕಂದು ನೀರು ಬುಳುಬುಳು ಎಂದು ಬಾಣಲಿಗೆ ಬಿತ್ತು. ಹಳೆ ಪೈಪುಗಳು ರೇಡಿಯೇಟರಿನ ಮೂತಿಗೆ ಕಚ್ಚಿ ಕೂತಿದ್ದವು. ಭಾವಮೈದ ಹಿಡಿದು ಎಳೆಯಲು ಹೋದಾಗ ಮೇಸ್ತ್ರಿ ಅವನ ಕೈಗೆ ಒಂದು ಬಿಗಿದ. ‘ಎಳೆದರೆ ಮೂತಿಯೇ ಕಿತ್ತು ಬರುತ್ತೆ. ಅಜ್ಜಿ ಹಲ್ಲು ಕೀಳೋ ಹಾಗಲ್ಲ ಇದು.’ ಬ್ಲೇಡಿನಲ್ಲಿ ಪೈಪನ್ನು ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಿದ. ಮೂತಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿದ. ಹೊಸ ಪೈಪಿನ ಒಳಬಾಯಿಗೆ ನೀರು ಸವರಿ, ತಿರುಚುತ್ತಾ ಕೂರಿಸಿ, ಅಂಚಿನಿಂದ ಒಂದು ಬೆರಳು ಒಳಗೆ ಕ್ಲಿಪ್ಪು ಬಿಗಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಆ ಕೈಗೆ ಯಾವ ಕಾಯಿಲೆಯೂ ಇರಲಿಲ್ಲ.

ಆಮೇಲೆ ತೊಳೆಯುವ ಕೆಲಸ. ತುಕ್ಕು ಬಿಡಿಸುವ ಹುಳಿಪುಡಿಯನ್ನು ನೀರಿಗೆ ಕಲಸಿ ತುಂಬಿಸಿ, ಇಂಜಿನ್ ಓಡಿಸಿ ಬಿಸಿ ಮಾಡಿ, ಮತ್ತೆ ತಣಿಸಿ ಬಸಿಯಬೇಕು. ಬಳಿಕ ಬರೀ ನೀರು ಹಾಕಿ ಹುಳಿಯ ಹನಿಯೂ ಉಳಿಯದಂತೆ ಜಾಲಾಡಬೇಕು. ಉಳಿದರೆ ತುಕ್ಕು ತಿಂದು ಮುಗಿಸಿದ ಹುಳಿ ಲೋಹವನ್ನು ತಿನ್ನಲು ಶುರುಮಾಡುತ್ತದೆ, ರೇಡಿಯೇಟರಿನ ಬೆಸುಗೆ ಎದ್ದುಹೋಗುತ್ತದೆ. ಇಂಜಿನ್ನಿನ ಮಗ್ಗುಲಲ್ಲೂ ಒಂದು ಬಿರಡೆ ಇದೆ, ಅದನ್ನು ಬಿಚ್ಚಿದರೆ ಒಳಗೆ ನಿಂತದ್ದೂ ಇಳಿಯುತ್ತದೆ. ಅಜ್ಜಿಯ ಬಿರಡೆ ಜಪ್ಪಯ್ಯ ಎಂದರೂ ಅಲುಗಲಿಲ್ಲ.

‘ಬಿಡು, ಬಲವಂತ ಮಾಡಿದರೆ ಮುರಿಯುತ್ತೆ. ಮೇಲಿನಿಂದಲೇ ಜಾಲಾಡೋಣ. ಹುಳಿ ಹೋಯ್ತೋ ಇಲ್ಲವೋ ಹೇಳೋದಕ್ಕೆ ಇದು ಇದೆಯಲ್ಲ’ ಎಂದು ಮೇಸ್ತ್ರಿ ನಾಲಿಗೆ ಹೊರಗೆ ಚಾಚಿ ತೋರಿಸಿದ.

ಒಂದು ಸಲ ನೀರು ತುಂಬಿ, ಓಡಿಸಿ, ಬಸಿದರು. ಕೊನೆಗೆ ಬಂದ ನೀರು ಕಣ್ಣಿಗೆ ತಿಳಿಯಾಗಿತ್ತು. ಮೇಸ್ತ್ರಿ ಬೆರಳದ್ದಿ ನಾಲಿಗೆಗಿಟ್ಟ. ಕಣ್ಣು ಮುಚ್ಚಿದ. ಥೂ ಎಂದು ಉಗಿದ.

‘ಶುದ್ಧ. ಒಂದೇ ಸಲಕ್ಕೆ! ಅಜ್ಜಿ ಪುಣ್ಯವಂತೆ. ಕೂಲಂಟ್ ತಾ, ತುಂಬಿಸಿ ಮುಚ್ಚಿಬಿಡೋಣ.’

ಭಾವಮೈದ ಡಬ್ಬಿ ತರಲು ಏಳುವಾಗ ಏನು ಹುಡುಗಾಟ ಹೊಳೆಯಿತೋ, ಭಾವನ ಹಾಗೆಯೇ ಗಂಭೀರವಾಗಿ ಕಣ್ಣು ಮುಚ್ಚಿ, ಬಾಣಲಿಗೆ ಬೆರಳದ್ದಿ ತಾನೂ ನಾಲಿಗೆಗೆ ಇಟ್ಟುಕೊಂಡ. ಮರುಗಳಿಗೆ ಅವನ ಮುಖ ಹಿಂಡಿದ ಬಟ್ಟೆಯಂತಾಯಿತು. ಉಗಿದ, ಮತ್ತೆ ಉಗಿದ, ನಲ್ಲಿಗೆ ಓಡಿ ಬಾಯಿ ಮುಕ್ಕಳಿಸಿದ.

‘ಭಾವ! ಹುಳಿ ಅಂದ್ರೆ ಹುಳಿ! ಹಲ್ಲೆಲ್ಲಾ ಜುಮ್ ಅಂತಿದೆ!’

ಮೇಸ್ತ್ರಿ ನಕ್ಕ. ‘ನಾಟಕ ಸಾಕು, ಡಬ್ಬಿ ತಾ.’

‘ನಾಟಕ ಅಲ್ಲ ಭಾವ. ಆಣೆ ಮಾಡಿ ಹೇಳ್ತೀನಿ.’

ಮೇಸ್ತ್ರಿ ಮತ್ತೆ ಬೆರಳದ್ದಿದ. ಈ ಸಲ ಎರಡು ಬೆರಳು. ನಾಲಿಗೆಯ ತುದಿಗೆ, ಅಂಚಿಗೆ, ನಡುವಿಗೆ ಸವರಿಕೊಂಡ. ಒದ್ದೆ ಇತ್ತು. ತಣ್ಣಗಿತ್ತು. ಬೇರೇನೂ ಇರಲಿಲ್ಲ. ‘ಲೇ, ಇಲ್ಲಿ ಬಾ, ಇದರ ರುಚಿ ನೋಡು!’ ಎಂದು ಒಳಗೆ ಕೂಗಿದ. ದನಿ ಅವನಿಗೇ ಬೇರೆ ಯಾರದೋ ಎನ್ನಿಸಿತು.

ಹೆಂಡತಿ ಸೌಟು ಹಿಡಿದೇ ಬಂದಳು. ಎಂದೂ ಈ ಹೊಲಸಿಗೆ ಬೆರಳಿಟ್ಟವಳಲ್ಲ. ಗಂಡನ ಮುಖ ನೋಡಿ ಕಿರುಬೆರಳಿನ ತುದಿ ಅದ್ದಿ ಮುಟ್ಟಿಸಿಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ‘ಥೂ! ಹುಣಿಸೆಹಣ್ಣೂ ಇಷ್ಟು ಹುಳಿ ಇರಲ್ಲ. ಯಾಕೆ, ಏನಾಯ್ತು?’

‘ಭಾವನಿಗೆ ಗೊತ್ತಾಗ್ತಿಲ್ಲ ಅಕ್ಕಾ’ ಎಂದ ತಮ್ಮ, ಮೆಲ್ಲಗೆ.

ಮೇಸ್ತ್ರಿ ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತ. ದುಡಿಮೆಯೆಲ್ಲ ನಿಂತದ್ದು ಇದೊಂದರ ಮೇಲೆ. ಕೈ ಬಿದ್ದಿದ್ದರೆ ಕಾಣುತ್ತಿತ್ತು, ಕಣ್ಣು ಹೋಗಿದ್ದರೆ ಎಡವುತ್ತಿದ್ದ. ನಾಲಿಗೆ ಸತ್ತದ್ದು, ಬಾಯಲ್ಲೇ ಇಟ್ಟುಕೊಂಡು ತಿರುಗಿದ ಅವನಿಗೇ ತಿಳಿಯಲಿಲ್ಲ. ಯಾವಾಗ ಸತ್ತಿತು? ಜ್ವರದಲ್ಲೇ? ಹಾಗಾದರೆ ಜ್ವರ ಬಿಟ್ಟ ಮೇಲೆ ತೊಳೆದು, ರುಚಿ ನೋಡಿ, ‘ಶುದ್ಧ’ ಎಂದು ಬೆನ್ನು ತಟ್ಟಿ ಕಳಿಸಿದ ಲಾರಿಗಳೆಲ್ಲ ಹೊಟ್ಟೆಯಲ್ಲಿ ಏನು ಹೊತ್ತು ಓಡುತ್ತಿವೆ?

ಅದಕ್ಕಿಂತ ಕೆಟ್ಟದೊಂದು ನೆನಪಾಯಿತು. ತರಕಾರಿ ಲಾರಿಯ ಡ್ರೈವರ್. ಕೆಲವು ವಾರಗಳ ಹಿಂದೆ ಅವನ ಲಾರಿ ಸೋರಿದ್ದನ್ನು ರುಚಿ ನೋಡಿ ಮೇಸ್ತ್ರಿ ರಸ್ತೆಯ ಮೇಲೆಯೇ ಹರಿಹಾಯ್ದಿದ್ದ. ‘ಕೂಲಂಟಿಗೆ ಅಂತ ಮಾಲೀಕನ ಹತ್ತಿರ ಇಸ್ಕೊಂಡು ಬಾವಿ ನೀರು ಹೊಯ್ದಿದ್ದೀಯಾ, ನಾಚಿಕೆ ಆಗಲ್ವಾ?’ ಆ ಮನುಷ್ಯ ‘ಇಲ್ಲ ಮೇಸ್ತ್ರಿ, ನನ್ನ ಕೈಯಾರೆ ಹಾಕಿದ್ದೀನಿ’ ಎಂದು ಅಳುಮುಖ ಮಾಡಿಕೊಂಡು ನಿಂತಿದ್ದ. ಎದುರಿನ ಕಾಫಿ ಅಂಗಡಿಯಲ್ಲಿ ಕೂತವರೆಲ್ಲ ಅವನನ್ನು ನೋಡಿ ನಕ್ಕಿದ್ದರು. ನಾಲಿಗೆ ಮೇಸ್ತ್ರಿ ಹೇಳಿದ ಮೇಲೆ ಇನ್ನೇನು?

ಹೆಂಡತಿ ಇನ್ನೂ ನಿಂತೇ ಇದ್ದಳು. ಅವಳ ಮುಖದಲ್ಲಿ ಮೊದಲು ಗಾಬರಿ ಇತ್ತು. ಆಮೇಲೆ ಅದು ಇಳಿದು ಬೇರೇನೋ ಬಂತು. ಅವಳು ಸರಕ್ಕನೆ ಒಳಗೆ ಹೋದಳು. ಸೌಟನ್ನು ಕಲ್ಲಿನ ಮೇಲೆ ಕುಕ್ಕಿದ ಸದ್ದು ಕೇಳಿಸಿತು.

ಮೇಸ್ತ್ರಿ ಎದ್ದು ಹಿಂದೆಯೇ ಹೋದ, ಕೈ ತೊಳೆಯದೆ, ಚಪ್ಪಲಿ ಬಿಡದೆ. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

‘ನಿಮ್ಮಮ್ಮನ ಕೈ ಊಟದ ಹಾಗಿದೆ ಅಂದ್ರಲ್ಲ’ ಎಂದಳು, ತಿರುಗದೆ. ‘ಅವತ್ತೂ ನಿಮಗೆ ರುಚಿ ಗೊತ್ತಾಗ್ತಿರಲಿಲ್ಲ.’

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ.

‘ಮಗಳಿಗೆ ಫೋನು ಮಾಡಿ ಹೇಳಿದೆ ನಾನು. ಹೆಡ್ಡಿ ಹಾಗೆ. ಇಷ್ಟು ವರ್ಷಕ್ಕೆ ನನ್ನ ಅಡುಗೆ ಒಪ್ಪಿಕೊಂಡ್ರು ಅಂತ. ಒಪ್ಪಿದ್ದು ನೀವಲ್ಲ, ನಿಮ್ಮ ಸತ್ತ ನಾಲಿಗೆ!’

ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಆಗಷ್ಟೇ ಅವನ ಕಾಲಡಿಯ ನೆಲ ಕುಸಿದಿತ್ತು, ಸುಳ್ಳು ಕಟ್ಟುವ ತ್ರಾಣ ಇರಲಿಲ್ಲ.

‘ಸಪ್ಪೆ ಅಂತ ಗೊತ್ತಿತ್ತು ಕಣೇ’ ಎಂದ. ‘ಮೊದಲ ದಿನದಿಂದ ಗೊತ್ತಿತ್ತು. ಡಾಕ್ಟರು ಹೇಳಿದ್ದಕ್ಕೆ ನೀನು ಉಪ್ಪು ಇಳಿಸಿದ್ದೀಯ ಅಂದುಕೊಂಡೆ. ನನಗೋಸ್ಕರ ಇಳಿಸಿದ್ದೀಯ, ಅದನ್ನೂ ಹೇಗೆ ಆಡಿಕೊಳ್ಳಲಿ? ಗಂಟಲಲ್ಲಿ ಇಳೀತಿರಲಿಲ್ಲ, ನೀರು ಕುಡಿದು ನುಂಗ್ತಿದ್ದೆ. ನೀನು ಗೋಡೆಗೆ ಒರಗಿ ನನ್ನ ಮುಖ ನೋಡ್ತಿದ್ದೆಯಲ್ಲ, ಅದಕ್ಕೇ ಚೆನ್ನಾಗಿದೆ ಅಂದೆ.’

ಅವಳು ಗಕ್ಕನೆ ತಿರುಗಿದಳು. ಕಣ್ಣುಗಳು ಅಗಲವಾಗಿದ್ದವು. ಸತ್ತ ನಾಲಿಗೆಯ ಸುದ್ದಿ ಕೇಳಿದಾಗಲೂ ಅವಳು ಇಷ್ಟು ದಂಗಾಗಿರಲಿಲ್ಲ.

‘ನೀವು? ಸಪ್ಪೆ ಊಟಾನ? ಬಾಯಿ ಮುಚ್ಕೊಂಡು ತಿಂದ್ರಾ? ಚಳಿಗಾಲದಿಂದ ಇಲ್ಲೀವರೆಗೆ?’

‘ಹೂಂ.’

‘ತಟ್ಟೆ ಎಸೆದ ಮನುಷ್ಯ ನೀವೇ ತಾನೇ?’

‘ನಾನೇ.’

ಅವಳು ಒಲೆಯ ಪಕ್ಕದ ಕಟ್ಟೆ ಹಿಡಿದುಕೊಂಡಳು. ಆಮೇಲೆ ಕುಂಬಳಕಾಯಿ ಕಳ್ಳನಂತೆ ತಾನೇ ಬಾಯಿಬಿಟ್ಟಳು.

‘ರೀ, ನಾನು ಉಪ್ಪು ಇಳಿಸಿರಲೇ ಇಲ್ಲ.’

‘ಏನು?’

‘ಒಂದು ಚಿಟಿಕೆಯೂ ಇಳಿಸಿಲ್ಲ. ಸಕ್ಕರೆಯೂ ಅಷ್ಟೇ. ನಿಮ್ಮ ಬಾಯಿಗೆ ಹೆದರಿ. ಇಳಿಸಿದೆ ಅಂತ ಬರೀ ಬಾಯಲ್ಲಿ ಹೇಳ್ತಿದ್ದೆ. ನೀವು ಹೊಗಳಿದ ಮೇಲೆ ಇನ್ನೂ ಹುರುಪು ಬಂದು ಒಂದು ಕೈ ಮುಂದೇ ಹಾಕ್ತಿದ್ದೆ. ನಾನು ಆ ಅಡುಗೇನ ನೀರು ಬೆರೆಸಿಕೊಂಡು ತಿಂತಿದ್ದೆ.’ ಅವಳ ದನಿ ಒಡೆಯಿತು. ‘ಕಾಪಾಡ್ತೀನಿ ಅಂತ ನಿಮ್ಮನ್ನ ಕೊಲ್ತಿದ್ದೆನಲ್ಲ ನಾನು!’

ಮೇಸ್ತ್ರಿಗೆ ಡಾಕ್ಟರು ಹೋದ ತಿಂಗಳು ಮಾತ್ರೆ ಹೆಚ್ಚಿಸುತ್ತಾ ‘ಉಪ್ಪು ಇಳಿಸಿಯೂ ಒತ್ತಡ ಇಳಿದಿಲ್ಲವಲ್ಲ’ ಎಂದು ತಲೆ ಕೆರೆದುಕೊಂಡದ್ದು ನೆನಪಾಯಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾ ಕಕ್ಕಾಬಿಕ್ಕಿಯಾಗಿ ನಿಂತರು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟ. ರವಿಕೆಯ ತೋಳಿಗೆ ಗ್ರೀಸಿನ ಐದೂ ಬೆರಳು ಮೂಡಿದವು, ಅವಳು ಬೈಯಲಿಲ್ಲ.

‘ಭಾವ!’ ಹೊರಗಿನಿಂದ ಭಾವಮೈದ ಕೂಗಿದ. ‘ಅಜ್ಜಿ ಕಥೆ ಏನು?’

ಅಜ್ಜಿಯ ಕಥೆ ಮುಗಿಸಲೇಬೇಕಿತ್ತು. ಮೇಸ್ತ್ರಿ ಹೊರಗೆ ಬಂದು ಹಠ ಹಿಡಿದ ಬಿರಡೆಗೆ ಎಣ್ಣೆ ಬಿಟ್ಟ, ಸುತ್ತಲೂ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಕಾಯಿಸಿದ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟ. ಕಿರ್ರ್ ಎಂದು ಬಿರಡೆ ಸೋಲೊಪ್ಪಿತು. ಒಳಗಿನಿಂದ ಕೆಸರಿನಂಥ ನೀರು ಭಳಭಳನೆ ಬಿತ್ತು. ಭಾವಮೈದ ಮೂಗು ಮುಚ್ಚಿಕೊಂಡು ‘ಇದನ್ನ ಹೊಟ್ಟೇಲಿಟ್ಕೊಂಡು ನಾಳೆ ಏರು ಹತ್ತಬೇಕಿತ್ತಾ ನಾನು?’ ಎಂದ. ಮೇಸ್ತ್ರಿ ಬಾಣಲಿ ಚೆಲ್ಲಿ ಬಂದು ಮತ್ತೆ ನೀರು ತುಂಬಿಸತೊಡಗಿದ.

ನೀರು ತುಂಬುವುದು, ಓಡಿಸುವುದು, ಬಸಿಯುವುದು ಮತ್ತೆ ಮತ್ತೆ ನಡೆಯಿತು. ಭಾವಮೈದ ಬೈಕಿನಲ್ಲಿ ಹೋಗಿ, ಮೀನು ಸಾಕುವವರು ತೊಟ್ಟಿಯ ನೀರು ನೋಡಲು ಬಳಸುವ ಬಣ್ಣದ ಕಾಗದದ ಪಟ್ಟಿ ತಂದ. ಹುಳಿಯಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಅಂಗಡಿಯವನ ಹತ್ತಿರ ಅದು ಯಾವತ್ತೂ ಇತ್ತು. ಕೊನೆಗೆ ಕಾಗದ ಹಸಿರಾಗಿಯೇ ಉಳಿದಾಗ ಮೇಸ್ತ್ರಿಯ ಬೆರಳು ಅಭ್ಯಾಸಬಲದಿಂದ ನೀರಿನತ್ತ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹೆಂಡತಿ ‘ರೀ!’ ಎಂದಳು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ತರಕಾರಿ ಲಾರಿ ಆ ದಾರಿಯಲ್ಲಿ ವಾಪಸ್ಸು ಬರುತ್ತದೆ. ಮೇಸ್ತ್ರಿ ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತ. ಡ್ರೈವರ್ ಬ್ರೇಕು ಒತ್ತಿ, ಇವತ್ತು ಇನ್ನೇನು ಬೈಗುಳವೋ ಎಂದು ಕುತ್ತಿಗೆ ಒಳಗೆಳೆದುಕೊಂಡ.

‘ಅವತ್ತು ನೀನು ಕೂಲಂಟೇ ಹಾಕಿದ್ದೆ’ ಎಂದ ಮೇಸ್ತ್ರಿ, ಕಾಫಿ ಅಂಗಡಿಗೆ ಕೇಳುವಷ್ಟು ಗಟ್ಟಿಯಾಗಿ. ‘ಸುಳ್ಳು ಹೇಳಿದ್ದು ನನ್ನ ನಾಲಿಗೆ. ತಪ್ಪಾಯ್ತು. ಸೋರಿದ ಆ ಪೈಪನ್ನ ನಾಳೆ ಲಾರಿ ತಂದು ತೋರಿಸು, ಸರಿ ಮಾಡಿಕೊಡ್ತೀನಿ. ಜ್ವರ ಬಿಟ್ಟ ಮೇಲೆ ಇಲ್ಲಿ ತೊಳೆಸಿದ ಲಾರಿಯವರು ದಾರಿಯಲ್ಲಿ ಯಾರು ಸಿಕ್ಕಿದ್ರೂ ಕಳಿಸು. ಮತ್ತೆ ತೊಳೀತೀನಿ.’

ಡ್ರೈವರ್ ಬಾಯಿ ತೆರೆದುಕೊಂಡೇ ಕೂತ. ಕಾಫಿ ಅಂಗಡಿಯಲ್ಲಿ ಲೋಟಗಳು ಗಾಳಿಯಲ್ಲೇ ನಿಂತವು. ‘ಮೇಸ್ತ್ರಿ, ಹುಷಾರಾಗಿದ್ದೀರಿ ತಾನೇ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಡ್ರೈವರ್ ಗೇರು ಹಾಕಿದ.

ಅಜ್ಜಿ ಹೊಸ ಪೈಪು ಹೊಸ ಕೂಲಂಟಿನಲ್ಲಿ ಗುರುಗುಟ್ಟುತ್ತಾ ಹೊರಟುಹೋಯಿತು. ಮುಳ್ಳು ನಡುವಿನಿಂದ ಅಲುಗಲಿಲ್ಲ ಎಂದು ಭಾವಮೈದ ಮರುದಿನ ಏರಿನ ತುದಿಯಿಂದ ಫೋನು ಮಾಡಿ ಹೇಳುವವನಿದ್ದ. ನಾಲಿಗೆ ತಿರುಗಿ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರೂ ಮುಂದೆ ಹೇಳುವವರಿದ್ದರು. ಆದರೆ ಅದೆಲ್ಲ ಆಮೇಲಿನ ಮಾತು.

ಆ ದಿನ ಊಟಕ್ಕೆ ಕೂತಾಗ ಮೇಸ್ತ್ರಿ ಗೋಡೆಯತ್ತ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಹೆಂಡತಿ ಇನ್ನೊಂದು ತಟ್ಟೆ ಹಾಕಿಕೊಂಡು ಅವನ ಎದುರಿಗೆ ಕೂತಿದ್ದಳು. ಮದುವೆಯಾದಂದಿನಿಂದ ಮೊದಲ ಸಲ. ಅವನಿಗಿಂತ ಮುಂಚೆ ಅವಳೇ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

‘ಉಪ್ಪು ಕಡಿಮೆ’ ಎಂದಳು. ‘ಇವತ್ತು ನಿಜವಾಗ್ಲೂ ಇಳಿಸಿದ್ದೀನಿ. ತಿನ್ನೋಕೇ ಆಗ್ತಿಲ್ಲ ರೀ.’

ಮೇಸ್ತ್ರಿ ಒಂದು ತುತ್ತು ನುಂಗಿದ, ನೀರು ಕುಡಿಯದೆ.

‘ಚೆನ್ನಾಗಿದೆ’ ಎಂದ.

ಅವಳು ತಟ್ಟೆಯಿಂದ ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣು ತುಂಬಿ ಬಂತು, ಸೆರಗಿಗೆ ಕೈ ಹೋಗಲಿಲ್ಲ. ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.